ದೋಣಿಯವನ ತಾಯಿ

ತಮ್ಮ ಕಾರ್ತಿಕೇಯನನ್ನು ಕುಡಿತ ಬಿಡಿಸುವ ನಶಾಮುಕ್ತಿ ಕೇಂದ್ರಕ್ಕೆ ಸೇರಿಸಿ ಬಂದ ಮೇಲೆ ಧಾರಿಣಿಗೆ ಪುಸ್ತಕಗಳ ಹುಚ್ಚು ಹಿಡಿಯಿತು. ಎಲ್ಲ ಪುಸ್ತಕಗಳದ್ದಲ್ಲ, ಕುಡಿತಕ್ಕೆ ಬಿದ್ದವರು, ಬಿದ್ದು ಎದ್ದವರು, ಎದ್ದು ಮತ್ತೆ ಬಿದ್ದವರು ತಮ್ಮ ಕತೆಯನ್ನು ತಾವೇ ಬರೆದುಕೊಂಡ ಪುಸ್ತಕಗಳದ್ದು. ಭಾನುವಾರ ಬೆಳಿಗ್ಗೆ ದಿಲ್ಲಿಯ ಲಕ್ಷ್ಮೀ ನಗರದಿಂದ ಮೆಟ್ರೊ ಹಿಡಿದು ಹಳೆ ಪುಸ್ತಕಗಳ ಸಂತೆಗೆ ಹೋಗುವಳು. ನೆಲದ ಮೇಲೆ ಹರಡಿದ ರಾಶಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಧೂಳಿಗೆ ಸೀನುತ್ತ, ಒಂದೊಂದನ್ನೇ ತಿರುವಿ ಹಾಕುವಳು.

ಅಲ್ಲಿನ ಒಬ್ಬ ವ್ಯಾಪಾರಿಗೆ ಇವಳ ಗುರುತು ಹತ್ತಿತು. ಇವಳು ಬರುವ ಮೊದಲೇ ಅಂಥ ಪುಸ್ತಕಗಳನ್ನು ಬೇರೆ ತೆಗೆದಿಡತೊಡಗಿದ. ಒಮ್ಮೆ ಪುಸ್ತಕ ಕಟ್ಟಿಕೊಡುತ್ತ ದನಿ ತಗ್ಗಿಸಿ, "ಹಿಮ್ಮತ್ ರಖೋ ದೀದಿ. ಮೇರೇ ಜೀಜಾ ನೇ ಭೀ ಛೋಡ್ ದೀ," ಅಂದ. ಧೈರ್ಯವಾಗಿರು, ನನ್ನ ಭಾವನೂ ಬಿಟ್ಟ, ನೀನೂ ಬಿಡುತ್ತೀ ಎಂಬ ಅರ್ಥದಲ್ಲಿ. ಕುಡಿಯುವವಳು ನಾನಲ್ಲ ಭಯ್ಯಾ ಎನ್ನಲು ಬಾಯಿ ತೆರೆದ ಧಾರಿಣಿ ಸುಮ್ಮನಾದಳು. ತಮ್ಮನಿಗೆ, ಅಮ್ಮನಿಗೆ ಧೈರ್ಯ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಅವಳಿಗೆ ಧೈರ್ಯ ಹೇಳಿದವರು ಆ ವರ್ಷದಲ್ಲಿ ಅವನೊಬ್ಬನೇ. ಥ್ಯಾಂಕ್ಯೂ ಭಯ್ಯಾ ಅಂದು ಪುಸ್ತಕ ಎದೆಗವಚಿಕೊಂಡು ಬಂದಳು.

ಧಾರಿಣಿ ಲಕ್ಷ್ಮೀ ನಗರದ ಕೋಚಿಂಗ್ ಕ್ಲಾಸೊಂದರಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತಿದ್ದಳು. ಯಾವುದು ಎಲ್ಲಿ ತಪ್ಪಿತೆಂದು ಹುಡುಕಿ ತೆಗೆಯುವುದು ಅವಳ ವಿದ್ಯೆ. ತಮ್ಮನ ವಿಷಯದಲ್ಲಿ ಆ ವಿದ್ಯೆ ಕೈಕೊಟ್ಟಿತ್ತು. ಮನೆಯಲ್ಲಿ ಕುಡಿಯುವವರಿರಲಿಲ್ಲ. ಗುರುಗ್ರಾಮದಲ್ಲಿ ಒಳ್ಳೆಯ ಕೆಲಸ, ಎತ್ತರದ ಕಟ್ಟಡದಲ್ಲಿ ಗೆಳೆಯರೊಂದಿಗೆ ಫ್ಲ್ಯಾಟು. ಶುಕ್ರವಾರದ ಪಾರ್ಟಿಯಲ್ಲಿ ಶುರುವಾದದ್ದು ವಾರದ ನಡುವಿಗೆ ಹಬ್ಬಿ, ಆಮೇಲೆ ಹಗಲಿಗೂ ಬಂದು, ಗೆಳೆಯರು ಬೇಡವಾಗಿ, ಬಾಗಿಲು ಹಾಕಿಕೊಂಡು ಒಬ್ಬನೇ ಕುಡಿಯುವಲ್ಲಿಗೆ ಬಂದಿತ್ತು. ಕೆಲಸ ಹೋಯಿತು. ಧಾರಿಣಿಯೇ ಹೋಗಿ ಕ್ಯಾಬಿನಲ್ಲಿ ಅವನನ್ನು ಮನೆಗೆ ಕರೆತಂದಳು. ಮನೆಯಲ್ಲೂ ನಿಲ್ಲದಾದಾಗ ಕೇಂದ್ರಕ್ಕೆ ಸೇರಿಸಿದ್ದಾಯಿತು. ಯಾಕೆ ಹೀಗಾಯಿತೆಂದು ಅವನನ್ನು ಕೇಳಿದರೆ ಗೋಡೆ ನೋಡುತ್ತಿದ್ದ. ಹಾಗಾಗಿ ಅವಳು ಪುಸ್ತಕಗಳನ್ನು ಕೇಳತೊಡಗಿದಳು.

ತಾಯಿ ವಿಮಲಾ ಆ ರಾಶಿಯನ್ನು ಬಹಳ ದಿನ ದೂರದಿಂದಲೇ ನೋಡಿದರು. ಇಪ್ಪತ್ತರ ವಯಸ್ಸಿನಲ್ಲಿ ತುಮಕೂರಿನಿಂದ ಮದುವೆಯಾಗಿ ಬಂದು, ಕೇಂದ್ರ ಸರ್ಕಾರದ ನೌಕರ ಚಿದಂಬರ ಅವರೊಂದಿಗೆ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರು. ಗಂಡ ತೀರಿಕೊಂಡ ಮೇಲೆ ಮಗಳ ಜೊತೆಗಿದ್ದರು. ಕನ್ನಡ ಪುಸ್ತಕ ಸಿಕ್ಕರೆ ಒಂದೇ ಬೈಠಕ್ಕಿನಲ್ಲಿ ಮುಗಿಸುವವರು. ಇಂಗ್ಲಿಷ್ ಮಾತ್ರ ಬ್ಯಾಂಕಿನ ಚೀಟಿಯಾಚೆಗೆ ಒಗ್ಗಿರಲಿಲ್ಲ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಟ್ಟೆ ಮಡಚುತ್ತಿದ್ದರು. ಮಗ ಬಿಟ್ಟುಹೋದ ಶರ್ಟು ಕೈಗೆ ಬಂದಾಗ ಎಂದಿನಂತೆ ಕಾಲರನ್ನು ಮೂಗಿಗೆ ಹಿಡಿದು ನೋಡಿದರು. ಎರಡು ಸಲ ಒಗೆದ ಶರ್ಟು, ಸೋಪಿನ ವಾಸನೆ ಬಿಟ್ಟರೆ ಮತ್ತೇನೂ ಇರಲಿಲ್ಲ. ಆದರೂ ಮೂಸಿದರು. ಮಗಳು ನೋಡಿದಳೆಂದು ತಿಳಿದು ನಾಚಿ, ಮಾತು ತಿರುಗಿಸಲೆಂದು ಕೇಳಿದರು:

"ಏನೇ ಧಾರಿ ಇವೆಲ್ಲ? ಒಂದೊಂದರ ಮೇಲೂ ಬಾಟ್ಲಿ ಚಿತ್ರ."

"ಕುಡಿತ ಬಿಟ್ಟವರು ಬರೆದಿದ್ದಮ್ಮ."

"ಬಿಟ್ಟವರಾ?" ವಿಮಲಾರ ಕೈ ನಿಂತಿತು. "ಹಾಗಾದ್ರೆ ಬಿಡಬಹುದು ಅನ್ನು. ಓದಿ ಹೇಳು, ನಾನೂ ಕೇಳ್ತೀನಿ."

ಬೆಳಗಿನ ಪಾಠಕ್ಕೂ ಸಂಜೆಯ ಪಾಠಕ್ಕೂ ನಡುವೆ ಧಾರಿಣಿಗೆ ಮಧ್ಯಾಹ್ನ ಬಿಡುವು. ಅವಳು ಆರಿಸಿಕೊಂಡದ್ದು ದೂರದ ಯಾವುದೋ ತಣ್ಣನೆಯ ದೇಶದ ದ್ವೀಪವೊಂದರಲ್ಲಿ ಜನರನ್ನು ಈ ದಡದಿಂದ ಆ ದಡಕ್ಕೆ ಸಾಗಿಸುತ್ತಿದ್ದವನ ಕತೆ. ಅವನ ಹೆಸರು ವಿಮಲಾರ ನಾಲಗೆಗೆ ಹೊರಳಲಿಲ್ಲ. ದೋಣಿಯವನು ಎಂದೇ ಕರೆದರು.

ಇಂಗ್ಲಿಷಿನದನ್ನು ಓದಿಕೊಂಡು ಬಾಯಲ್ಲಿ ಕನ್ನಡ ಮಾಡುವುದು ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಧಾರಿಣಿಗೆ ಸುಲಭವಿರಲಿಲ್ಲ. ಅವಳದು ಅಡುಗೆಮನೆಯ ಕನ್ನಡ. ಉಪ್ಪು, ಹುಳಿ, ಬೈಗುಳಕ್ಕೆ ಸಾಕಾಗುತ್ತಿತ್ತು.

"ಆಮೇಲೆ ಅವನಿಗೆ ಕ್ರೇವಿಂಗ್ ಬರತ್ತೆ," ಅಂದಳು ಮೊದಲ ದಿನವೇ.

"ಹಾಗಂದ್ರೆ?"

"ಆಸೆ. ಅಲ್ಲ, ಆಸೆ ಅಲ್ಲಮ್ಮ. ಬೇಕೇ ಬೇಕು ಅನ್ಸೋದು."

"ಬಾಯಾರಿಕೆ ಥರ?"

"ನೀರು ಕುಡಿದ್ರೆ ಹೋಗಲ್ಲ ಅದು. ನನ್ನ ಚರ್ಮದೊಳಗೇ ನಾನು ಕೂರಕ್ಕಾಗ್ತಿಲ್ಲ ಅಂತ ಬರ್ದಿದಾನೆ."

"ತಹತಹ," ಅಂದರು ವಿಮಲಾ. "ನಿಮ್ಮಪ್ಪ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದ ಹೊಸತರಲ್ಲಿ ನನಗೂ ಆಗ್ತಿತ್ತು. ಕೂತ್ರೆ ಏಳೋಣ, ಎದ್ರೆ ಕೂರೋಣ. ಊರಿಗೆ ಹೋಗ್ಬೇಕು, ಈ ಗಳಿಗೇನೇ ಹೋಗ್ಬೇಕು. ರೈಲಿನ ಸದ್ದು ಕೇಳಿದ್ರೆ ಬಾಗಿಲ ತನಕ ಹೋಗ್ಬಿಡ್ತಿದ್ದೆ." ಕಿಟಕಿಯಾಚೆ ಮೆಟ್ರೊ ಹಾದುಹೋಯಿತು. "ಕಾರ್ತಿಗೆ ಅದು ದಿನಾ ಆಗತ್ತಾ?"

"ದಿನಾ ಅಮ್ಮ."

"ಅಯ್ಯೋ ಕಂದ," ಅಂದರು ವಿಮಲಾ. ಆ ವರ್ಷವೆಲ್ಲ ಮಗನಿಗೆ ಶನಿ, ಮನೆಹಾಳ ಎಂದು ಬೈದಿದ್ದ ಬಾಯಿಂದ ಕಂದ ಎಂಬ ಮಾತು ಬಂದದ್ದು ಅಂದೇ.

ರಿಲ್ಯಾಪ್ಸ್ ಎಂಬ ಮಾತು ಬಂದಾಗಲೂ ಹಾಗೇ ಆಯಿತು. ಬಿಟ್ಟವನು ಮತ್ತೆ ಶುರು ಮಾಡುವುದು ಎಂದು ಧಾರಿಣಿ ವಿವರಿಸಿದರೆ, "ಮರುಕಳಿಸೋದು ಅನ್ನು," ಎಂದರು ವಿಮಲಾ. "ಟೈಫಾಯ್ಡು ಮರುಕಳಿಸಿತು ಅಂತೀವಲ್ಲ, ಹಾಗೆ." ಹೇಳಿದ ಮೇಲೆ ಆ ಮಾತನ್ನು ತಮಗೆ ತಾವೇ ಮತ್ತೊಮ್ಮೆ ಹೇಳಿಕೊಂಡರು.

ದೋಣಿಯವನ ಕತೆ ಮುಂದೆ ಹೋದಂತೆ ವಿಮಲಾರ ಪ್ರಶ್ನೆ ಮಾತ್ರ ಒಂದೇ ಆಯಿತು. ಅವನು ದೋಣಿಯನ್ನು ಬಂಡೆಗೆ ಗುದ್ದಿಸಿದ. "ಅವನಮ್ಮ ಏನಂದಳು?" ಹೆಂಡತಿ ಬಿಟ್ಟು ಹೋದಳು. "ಅಮ್ಮ ಎಲ್ಲಿದ್ದಳು ಆಗ?" ದಡದಲ್ಲಿ ಮಂಜಿನಲ್ಲಿ ಬಿದ್ದುಕೊಂಡ. "ಅವಳಿಗೆ ಯಾರಾದರೂ ಹೋಗಿ ಹೇಳಿದರಾ?"

ಅಲ್ಲಿಯವರೆಗೆ ಓದಿದಷ್ಟರಲ್ಲಿ ತಾಯಿ ಇರಲೇ ಇಲ್ಲ. ಅಮ್ಮ ಅಷ್ಟು ಕೇಳುತ್ತಾಳಲ್ಲ ಎಂದು ಧಾರಿಣಿ ಸ್ಟಾಫ್ ರೂಮಿನಲ್ಲಿ ಕೂತು ಹಾಳೆ ಮಗುಚುತ್ತ ಹೋದಳು. ನಡುಮಧ್ಯದಲ್ಲಿ ಒಂದೇ ಕಡೆ ಸಿಕ್ಕಿದಳು ತಾಯಿ, ಸತ್ತಮೇಲೆ. ಅವಳನ್ನು ಮಣ್ಣು ಮಾಡಿದ ಮೇಲೆ ಮಗ ಕುಡಿದುಕೊಂಡು ಬಂದಿದ್ದ.

ಅದನ್ನು ಅಮ್ಮನಿಗೆ ಹೇಗೆ ಓದುವುದು? ಧಾರಿಣಿ ಓದಲಿಲ್ಲ. ಮರುದಿನ ವಿಮಲಾ ಮತ್ತದೇ ಪ್ರಶ್ನೆ ಹಾಕಿದಾಗ, ಕಣ್ಣು ಹಾಳೆಯ ಮೇಲೇ ಇಟ್ಟು, ಅಲ್ಲಿಲ್ಲದ್ದನ್ನು ಹೇಳಿದಳು. "ಅವನಮ್ಮ ದಿನಾ ದಡಕ್ಕೆ ಬಂದು ಕಾಯ್ತಿದ್ದಳಂತೆ. ದೋಣಿ ನೆಟ್ಟಗೆ ಬರ್ತಿದ್ಯೋ ಓಲಾಡ್ಕೊಂಡು ಬರ್ತಿದ್ಯೋ ಅಂತ ನೋಡಕ್ಕೆ."

"ನೋಡಿದ್ಯಾ!" ಅಂದರು ವಿಮಲಾ. "ಅಂದ್ಕೊಂಡೆ."

ಅಂದಿನಿಂದ ದೋಣಿಯವನ ತಾಯಿ ಬೆಳೆಯುತ್ತ ಹೋದಳು. ದೋಣಿಯವನ ಕತೆಯಷ್ಟನ್ನೂ ಧಾರಿಣಿ ಇದ್ದದ್ದು ಇದ್ದಂತೆ ಓದುವಳು; ನಡುನಡುವೆ ತಾಯಿಯನ್ನು ತಾನೇ ತಂದು ಕೂರಿಸುವಳು. ಆ ತಾಯಿ ಮೊದಮೊದಲು ಮಗನ ಜೇಬು ತಡಕುತ್ತಿದ್ದಳು, ಅಂಗಿ ಮೂಸುತ್ತಿದ್ದಳು. ಒಂದು ದಿನ ಸಾಕಾಗಿ ನಿಲ್ಲಿಸಿದಳು. "ನಿನ್ನ ಕುಡಿತ ನಾನು ಬೆಳೆಸಿದ್ದರಿಂದ ಬಂದದ್ದಲ್ಲ, ನಾನು ಅತ್ತರೆ ಹೋಗುವುದೂ ಅಲ್ಲ," ಎಂದು ಮಗನಿಗೆ ಹೇಳಿ, ಹೊಟ್ಟೆ ತುಂಬ ಉಂಡು ಮಲಗಿ ನಿದ್ದೆ ಮಾಡಿದಳು. ಇಷ್ಟು ದಿನ ಧಾರಿಣಿ ಅಮ್ಮನಿಗೆ ಹೇಳಬೇಕೆಂದು ಹೇಳಲಾರದೆ ನುಂಗಿಕೊಂಡಿದ್ದುದನ್ನೆಲ್ಲ ಆ ತಾಯಿ ಮಾಡಿ ತೋರಿಸುತ್ತಿದ್ದಳು.

ಮಾತು ನಾಟುತ್ತಿತ್ತು. ಬಟ್ಟೆ ಮಡಚುವಾಗ ವಿಮಲಾ ಮಗನ ಶರ್ಟನ್ನು ಮೂಗಿನ ತನಕ ತಂದು ಹಾಗೇ ಇಳಿಸಿದ್ದನ್ನು ಧಾರಿಣಿ ಕಂಡಳು. ದೋಣಿಯವನ ತಾಯಿ ಬಹಳ ದಿನದಿಂದ ತಪ್ಪಿಸಿಕೊಂಡಿದ್ದ ಗೆಳತಿಯ ಮನೆಗೆ ಹೋಗಿ ಎಲ್ಲ ಹೇಳಿಕೊಂಡಳು ಎಂದು ಓದಿದ ಮರುದಿನ ವಿಮಲಾ ಒಳ್ಳೆಯ ಸೀರೆ ಉಟ್ಟು ನಿಂತಿದ್ದರು.

"ಕಿದ್ವಾಯಿ ನಗರಕ್ಕೆ ಹೋಗಿ ಬರ್ತೀನಿ. ದೇವಕಿ ಮನೆಗೆ."

ದೇವಕಿ ಹಳೆಯ ನೆರೆಯವರು. ಮಗನ ವಿಷಯ ಬಾಯಿಗೆ ಬಂದೀತೆಂದು ಹೆದರಿ ವಿಮಲಾ ದೇವಕಿಯ ಫೋನು ಎತ್ತುವುದನ್ನೇ ಬಿಟ್ಟಿದ್ದರು. ಸಂಜೆ ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಚಕ್ಕುಲಿಯ ಡಬ್ಬಿ ಇತ್ತು. "ಹೇಳ್ಬಿಟ್ಟೆ ಕಣೆ. ಅವಳಣ್ಣನೂ ಹಾಗೇ ಇದ್ನಂತೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಒಂದು ಮಾತು ಬಿಟ್ಟಿರ್ಲಿಲ್ಲ ಕಳ್ಳಿ," ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಚಳಿ ಜೋರಾಗುವ ಹೊತ್ತಿಗೆ ಕಾರ್ತಿಕೇಯ ಮನೆಗೆ ಬಂದ. ಮೈಯಲ್ಲಿ ಮಾಂಸ ತುಂಬಿತ್ತು, ಕೈ ನಡುಗುತ್ತಿರಲಿಲ್ಲ. ಆದರೆ ಯಾರ ಮನೆಗೋ ಬಂದ ನೆಂಟನಂತೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ. ಬೆಳಿಗ್ಗೆ ಹತ್ತಿರದ ಶಾಲೆಯ ಕೋಣೆಯೊಂದರಲ್ಲಿ ಕುಡಿತ ಬಿಟ್ಟವರ ಗುಂಪು ಸೇರುತ್ತಿತ್ತು. ಅಲ್ಲಿಗೆ ಹೋಗಿ ಬರುವನು. ಮಧ್ಯಾಹ್ನ ಅಕ್ಕ ಓದಲು ಕೂತಾಗ ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವನು.

ಒಂದು ಸಂಜೆ ಧಾರಿಣಿ ಟೆರೇಸಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಅವನು ಹಿಂದೆಯೇ ಬಂದ. ಹೊಗೆ ಕವಿದ ಆಕಾಶದಲ್ಲಿ ಸೂರ್ಯ ಬಿಳಿ ಬಿಲ್ಲೆಯಂತಿದ್ದ.

"ಅಕ್ಕ, ಆ ಕಿತಾಬ್‌ನಲ್ಲಿ ಅಷ್ಟೆಲ್ಲ ಅಮ್ಮ ಎಲ್ಲಿದ್ದಾಳೆ?"

ಧಾರಿಣಿಯ ಕೈಯಲ್ಲಿನ ಕ್ಲಿಪ್ಪು ಕೆಳಗೆ ಬಿತ್ತು. "ನೀನು ಓದಿದ್ದೀಯಾ?"

"ಸೆಂಟರ್‌ನಲ್ಲಿ ಒಂದು ಕಪಾಟು ತುಂಬ ಇಂಥವೇ ಇವೆ. ಬೇರೆ ಏನು ಮಾಡೋದು ಅಲ್ಲಿ?" ಕ್ಲಿಪ್ಪನ್ನು ಎತ್ತಿಕೊಟ್ಟ. "ಅವಳು ಸತ್ತೋಗ್ತಾಳಲ್ಲ ಯಾರ್. ಅವನು ಪೀಕೇ ಬರ್ತಾನೆ, ಲೇಟಾಗಿ."

"ಅಮ್ಮನಿಗೆ ಅದನ್ನ ಓದಕ್ಕೆ ನನ್ನ ಕೈಲಿ ಆಗ್ಲಿಲ್ಲ ಕಾರ್ತಿ. ನಿನ್ನನ್ನ ನೆನೆಸ್ಕೊಂಡು ಎದೆ ಒಡ್ಕೋತಾಳೆ."

ಅವನು ಗೋಡೆಗೆ ಒರಗಿ ಕೆಳಗಿನ ಗಲ್ಲಿಯನ್ನು ನೋಡುತ್ತ ನಿಂತ. ಕೋಚಿಂಗ್ ಮುಗಿಸಿದ ಹುಡುಗ ಹುಡುಗಿಯರು ಮೊಮೊ ಗಾಡಿಯ ಸುತ್ತ ಮುತ್ತಿಕೊಂಡಿದ್ದರು.

"ನಾನು ಆ ಪೇಜ್ ಓದಿದ ದಿನ ಅಲ್ಲಿಂದ ಓಡಿಹೋಗೋಕೆ ಬ್ಯಾಗ್ ಪ್ಯಾಕ್ ಮಾಡಿದ್ದೆ," ಅಂದ. "ಹೊರಡೋ ಮುಂಚೆ ಟೈಮ್ ಪಾಸ್‌ಗೆ ಅಂತ ತೆಗೆದೆ. ಓದಿದ್ಮೇಲೆ ಬ್ಯಾಗ್ ಬಿಚ್ಚಿದೆ. ಅಮ್ಮಂಗೆ ಫೋನ್ ಮಾಡಿ ಇವತ್ತೇನು ಅಡುಗೆ ಅಂತ ಕೇಳ್ದೆ. ಬೇರೆ ಏನು ಹೇಳಕ್ಕೂ ಬರ್ಲಿಲ್ಲ."

ಧಾರಿಣಿಗೆ ಆ ದಿನದ ನೆನಪಿತ್ತು. ಮಗ ಅಡುಗೆ ಏನೆಂದು ಕೇಳಿದನೆಂದು ವಿಮಲಾ ಮನೆಯೆಲ್ಲ ಓಡಾಡಿದ್ದರು. ಅಮ್ಮನಿಂದ ತಾನು ಬಚ್ಚಿಟ್ಟ ಹಾಳೆಯೇ ತಮ್ಮನನ್ನು ಕೇಂದ್ರದಲ್ಲಿ ನಿಲ್ಲಿಸಿತ್ತು.

"ಅದನ್ನೂ ಓದು ಅಕ್ಕ," ಅಂದ. "ಅಮ್ಮ ಅಷ್ಟು ವೀಕ್ ಅಲ್ಲ."

ಅವಳಿಂದಾಗಲಿಲ್ಲ. ಇನ್ನು ಕತೆ ಕಟ್ಟುವುದಕ್ಕೂ ಬಾಯಿ ಬರಲಿಲ್ಲ. ಪರೀಕ್ಷೆ ಹತ್ತಿರ ಬಂತು, ಹುಡುಗರಿಗೆ ಹೆಚ್ಚು ಕ್ಲಾಸಿದೆ ಎಂದು ಓದನ್ನು ಮುಂದೂಡಿದಳು. ವಿಮಲಾ ಒತ್ತಾಯಿಸಲಿಲ್ಲ.

ಆ ಬಿಡುವಿನಲ್ಲೇ ಕಾರ್ತಿಕೇಯನಿಗೆ ಗುರುಗ್ರಾಮದಿಂದ ಇಂಟರ್‌ವ್ಯೂಗೆ ಕರೆ ಬಂತು. ಇಸ್ತ್ರಿ ಮಾಡಿದ ಶರ್ಟು ಹಾಕಿ, ಅಮ್ಮನ ಕೈಯಿಂದ ಮೊಸರು ಸಕ್ಕರೆ ತಿಂದು ಹೊರಟ. ನಡುವೆ ಇಷ್ಟು ತಿಂಗಳು ಕೆಲಸವೇಕೆ ಇರಲಿಲ್ಲವೆಂದು ಅವರು ಕೇಳಿದ್ದಾರೆ. ಇವನು ನಿಜ ಹೇಳಿದ್ದಾನೆ. ಅವರು ನಗುನಗುತ್ತಲೇ ಆಮೇಲೆ ತಿಳಿಸುತ್ತೇವೆ ಎಂದಿದ್ದಾರೆ. ಇಷ್ಟೂ ಗೊತ್ತಾದದ್ದು ಮರುದಿನ. ಅಂದು ಗೊತ್ತಾದದ್ದು, ದೀಪ ಹಚ್ಚುವ ಹೊತ್ತಿಗೆ ಆಟೋದಿಂದ ಇಳಿದವನು ಮೆಟ್ಟಿಲ ಕಂಬಿ ಹಿಡಿದು ನಿಂತದ್ದು.

ಬಾಗಿಲು ತೆರೆದ ಧಾರಿಣಿಗೆ ವಾಸನೆ ಮುಖಕ್ಕೆ ಹೊಡೆಯಿತು. ಓದಿದ ಪುಸ್ತಕಗಳೆಲ್ಲ ಎಲ್ಲಿ ಹೋದವೋ! "ಮತ್ತೆ ಶುರು ಮಾಡಿದ್ಯಾ? ನಾಚಿಕೆ ಆಗಲ್ವಾ?" ಎಂಬ ಕೂಗು ಅವಳ ಗಂಟಲಿಂದಲೇ ಹೊರಬಿತ್ತು. ಕಾರ್ತಿಕೇಯ ಹೊಸ್ತಿಲ ಆಚೆಯೇ ನಿಂತ. ಇನ್ನೊಂದು ಮಾತು ಬಂದಿದ್ದರೆ ಹಿಂತಿರುಗಿ ಹೋಗುತ್ತಿದ್ದನೇನೋ.

"ಧಾರಿ, ಸರಿ ಈಚೆಗೆ," ಎಂದು ವಿಮಲಾ ಅಡುಗೆಮನೆಯಿಂದ ಬಂದರು. ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮರುಕಳಿಸಿದೆ," ಅಂದರು, ಮಗಳಿಗೆ ಹೇಳುವಂತೆ. ಆಮೇಲೆ ಮಗನಿಗೆ, "ಬಾ ಒಳಗೆ. ಬೂಟು ಬಿಚ್ಚು. ಮಲ್ಕೋ."

"ಅಮ್ಮ, ಸಾರಿ ಅಮ್ಮ—"

"ಈಗ ಮಾತು ಬೇಡ. ಜ್ವರ ಬಂದೋನ ಜೊತೆ ಯಾರಾದ್ರೂ ಜಗಳ ಆಡ್ತಾರಾ? ಇಳೀಲಿ, ಮಾತಾಡೋಣ."

ಅವನು ಮಲಗಿದ. ವಿಮಲಾ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಒಂದಷ್ಟು ಹೊತ್ತು ಅತ್ತರು. ಎದ್ದು ಮುಖ ತೊಳೆದು, ಮಗಳಿಗೆ ಬಡಿಸಿ, ತಾವೂ ಬಡಿಸಿಕೊಂಡು ಉಂಡರು.

ಬೆಳಿಗ್ಗೆ ಕಾರ್ತಿಕೇಯ ಯಾರೂ ಹೇಳದೆಯೇ ಗುಂಪಿನ ಹಿರಿಯ ಸರ್ದಾರ್ಜಿಯೊಬ್ಬರಿಗೆ ಫೋನ್ ಮಾಡಿದ. ಅವರು ಸ್ಕೂಟರಿನಲ್ಲಿ ಬಂದು ಕೆಳಗಿನಿಂದಲೇ "ಚಲೋ ಪುತ್ತರ್" ಎಂದು ಕರೆದು ಹಿಂದೆ ಕೂರಿಸಿಕೊಂಡು ಹೋದರು. ಬಂದ ಮೇಲೆ ಇಂಟರ್‌ವ್ಯೂದ್ದನ್ನೆಲ್ಲ ಅಮ್ಮನ ಮುಂದೆ ಹೇಳಿಕೊಂಡ. ಅವರು ಕೇಳಿಸಿಕೊಂಡರು. "ನಿಜ ಹೇಳಿದ್ಯಲ್ಲ, ಅದು ಒಳ್ಳೇದಾಯ್ತು. ಕುಡಿದಿದ್ದು ಒಳ್ಳೇದಾಗ್ಲಿಲ್ಲ," ಅಂದರು. ಅಷ್ಟೇ ಅಂದದ್ದು. ತಮ್ಮನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಕೂಗಿದ್ದಕ್ಕೆ ಧಾರಿಣಿ ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಅವನಿಗೆ ಅರ್ಥವಾಯಿತು.

ಆ ವಾರ ಒಂದು ಮಧ್ಯಾಹ್ನ ಬಿಸಿಲು ಬಿದ್ದಿತ್ತು. ಬಾಲ್ಕನಿಯಲ್ಲಿ ಚಾಪೆ ಹಾಸಿ ವಿಮಲಾ ಬಟಾಣಿ ಬಿಡಿಸುತ್ತಿದ್ದರು. ಕಾರ್ತಿಕೇಯ ಪುಸ್ತಕ ತಂದು ಎದುರಿಗೆ ಕೂತ.

"ಇವತ್ತು ನಾನು ಓದ್ಲಾ ಅಮ್ಮ?"

ಧಾರಿಣಿ ಅವನನ್ನು ನೋಡಿದಳು. ಅವನು ಹಾಳೆ ತೆರೆದಾಗಿತ್ತು. ಅವನ ಕನ್ನಡ ಅಕ್ಕನದಕ್ಕಿಂತ ಕುಂಟುತ್ತಿತ್ತು. ತಡವರಿಸಿ, ಹಿಂದಿಗೆ ಜಾರಿ, ಮತ್ತೆ ಎದ್ದು ಬರುತ್ತಿತ್ತು.

"ನಾನು ದ್ವೀಪಕ್ಕೆ ಬರೋಷ್ಟೊತ್ತಿಗೆ ಮಣ್ಣು ಮುಚ್ಚಿ ಆಗೋಗಿತ್ತು. ಜನ ನನಗೆ ದಾರಿ ಬಿಟ್ಟರು, ಯಾಕಂದ್ರೆ ನಾನು ನಾರ್ತಿದ್ದೆ. ತಂಗಿ ನನ್ನ ಕೈಗೆ ಅಮ್ಮನ ಕೋಟು ಕೊಟ್ಟಳು. ಏನೂ ಬೈಲಿಲ್ಲ. ಆ ಕೋಟಿನ ತೋಳಲ್ಲಿ ಕೈ ಹಾಕ್ದೆ, ಒಳಗೆ ಠಂಡಾ..." ನಿಂತ. "ತಣ್ಣಗಿತ್ತು."

ಬಟಾಣಿ ಸಿಪ್ಪೆಯ ಸದ್ದು ನಿಂತಿತ್ತು. ವಿಮಲಾ ಮಗಳ ಕಡೆ ತಿರುಗಿದರು. "ಹಾಗಾದ್ರೆ ದಡದಲ್ಲಿ ಕಾಯ್ತಿದ್ದೋಳು?"

"ನಾನೇ ಕಟ್ಟಿದ್ದಮ್ಮ," ಅಂದಳು ಧಾರಿಣಿ ತಲೆ ತಗ್ಗಿಸಿ. "ಪುಸ್ತಕದಲ್ಲಿ ಅವಳ ಬಗ್ಗೆ ಇಷ್ಟೇ ಇರೋದು."

ವಿಮಲಾ ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಮಗನಿಗೆ ಜ್ವರ ಅಂತ ಅವಳು ಮೆಣಸಿನ ಸಾರು ಮಾಡಿ ಹುಣಸೆಹಣ್ಣು ಕಿವುಚಿದಳು ಅಂದ್ಯಲ್ಲ ಆವತ್ತು," ಅಂದರು. "ಆ ಹಿಮದ ದೇಶದಲ್ಲಿ ಹುಣಸೆಹಣ್ಣು ಎಲ್ಲಿಂದ ಬಂತಪ್ಪ ಅಂತ ನನಗೆ ಆಗ್ಲೇ ಅನುಮಾನ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಚೆನ್ನಾಗಿ ಹೇಳ್ತಿದ್ದೆ. ನನಗೂ ಬೇಕಾಗಿತ್ತು."

ಕಾರ್ತಿಕೇಯ ತಡೆಯಲಾರದೆ ನಕ್ಕ. ಅವನು ಮನೆಗೆ ಬಂದ ಮೇಲೆ ಅಷ್ಟು ಜೋರಾಗಿ ನಕ್ಕದ್ದನ್ನು ಧಾರಿಣಿ ಕೇಳಿರಲಿಲ್ಲ. ನಗುತ್ತ ನಗುತ್ತ ಅವನ ಕಣ್ಣು ತುಂಬಿಕೊಂಡಿತು.

ವಿಮಲಾ ಅವನ ಮೊಣಕಾಲಿನ ಮೇಲೆ ಕೈಯಿಟ್ಟರು. "ಪಾಪ, ಅವನು ಸರಿಹೋಗಿದ್ದನ್ನ ಅವಳು ನೋಡ್ಲೇ ಇಲ್ಲ, ಅಲ್ವಾ?"

"ಇಲ್ಲಮ್ಮ."

"ನಾನು ನೋಡ್ತಿದ್ದೀನಲ್ಲೋ."

"ನಾನಿನ್ನೂ ಸರಿಹೋಗಿಲ್ಲಮ್ಮ. ಮೊನ್ನೆ ತಾನೇ..."

"ಗೊತ್ತು. ಅದನ್ನೂ ನೋಡ್ದೆ." ಬಟಾಣಿಯ ತಟ್ಟೆಯನ್ನು ಮತ್ತೆ ತೊಡೆಗೆಳೆದುಕೊಂಡರು. "ಮುಂದೆ ಓದು. ಆ ಕೋಟು ಹಾಕ್ಕೊಂಡು ಎಲ್ಲಿಗೆ ಹೋದ ಅವನು?"

ಕಾರ್ತಿಕೇಯ ಮೂಗೊರೆಸಿಕೊಂಡು ಹಾಳೆ ತಿರುವಿದ. ಧಾರಿಣಿ ಸಂಜೆಯ ಪಾಠಕ್ಕೆ ಸ್ವಲ್ಪ ತಡವಾಗುತ್ತದೆಂದು ಕೋಚಿಂಗ್‌ಗೆ ಮೆಸೇಜ್ ಕಳಿಸಿ, ಅಮ್ಮನ ಪಕ್ಕಕ್ಕೆ ಸರಿದು, ತಾನೂ ಒಂದು ಹಿಡಿ ಬಟಾಣಿ ತೆಗೆದುಕೊಂಡಳು.